ಔಷಧಗಳ ಸಮಾನತ್ವ ನಿರ್ಣಯ: ಒಂದು ಚಾರಿತ್ರಿಕ ವಿವೇಚನೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ೨೦೦೭ರಲ್ಲಿ ರಾಮನಗರ ಜಿಲ್ಲೆಯಾದುವು. ೨೦೨೫ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರು ಬಂದಿತು. ರೇಷ್ಮೆ ನೂಲು ಬಿಚ್ಚುವವರೂ ಮರದ ಗೊಂಬೆ ಮಾಡುವವರೂ ರಾಗಿ ಬೆಳೆಯುವವರೂ ಇರುವ ಈ ಸೀಮೆಯಲ್ಲಿ, ರಕ್ತದೊತ್ತಡಕ್ಕೋ ಮೂರ್ಛೆರೋಗಕ್ಕೋ ವರ್ಷಾನುಗಟ್ಟಲೆ ಮಾತ್ರೆ ನುಂಗಬೇಕಾದ ಬಡವನಿಗೆ ಒಂದು ಪ್ರಶ್ನೆ ಏಳುವುದು ಸಹಜ: ಅಗ್ಗದ ಜೆನೆರಿಕ್ ಮಾತ್ರೆ ಹೆಸರಾಂತ ಮಾತ್ರೆಯಷ್ಟೇ ಗುಣ ಕೊಡುವುದೆ? ಈ ಪ್ರಶ್ನೆಗೆ ದಕ್ಷಿಣ ಭಾರತದಲ್ಲಿಯೇ ಒಂದೂವರೆ ಶತಮಾನಕ್ಕೆ ಮಿಕ್ಕ ಚರಿತ್ರೆಯಿದೆಯೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ರಾಮನಗರವನ್ನು ಕ್ಲೋಸ್‌ಪೇಟೆಯೆಂದೂ ಕನಕಪುರವನ್ನು ಕಾನಕಾನಹಳ್ಳಿಯೆಂದೂ ಕರೆಯುತ್ತಿದ್ದ, ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದ ಕಾಲ ಅದು. ಚಳಿಜ್ವರಕ್ಕೆ ಕ್ವಿನೈನು ಸಿದ್ಧೌಷಧ. ಆದರೆ ಬೆಲೆ ದುಬಾರಿ. ನೀಲಗಿರಿಯಲ್ಲಿ ಬೆಳೆಸಿದ ಕೆಂಪು ತೊಗಟೆಯ ಸಿಂಕೋನದಲ್ಲಿ ಕ್ವಿನೈನಿನೊಡನೆ ಅದರ ಸೋದರ ಆಲ್ಕಲಾಯ್ಡುಗಳೂ ವಿಶೇಷವಾಗಿದ್ದುವು. ಅವೂ ಜ್ವರ ನಿಲ್ಲಿಸಬಲ್ಲುವೆ ಎಂಬುದನ್ನು ಮದರಾಸಿನ ಸಿಂಕೋನ ಆಯೋಗವು ೧೮೬೬ರಿಂದ ೧೮೬೮ರವರೆಗೆ ಪರೀಕ್ಷಿಸಿತು. ೩,೬೦೦ ರೋಗಿಗಳ ಪೈಕಿ ೨,೪೭೨ ಮಂದಿಗೆ ಕ್ವಿನೈನ್, ಕ್ವಿನಿಡೀನ್, ಸಿಂಕೋನೀನ್, ಸಿಂಕೋನಿಡೀನ್‌ಗಳಲ್ಲಿ ಒಂದರ ಸಲ್ಫೇಟನ್ನು ಕೊಡಲಾಯಿತು. ನಾಲ್ಕರಲ್ಲಿಯೂ ಗುಣ ಹೊಂದಿದವರು ಶೇಕಡ ೯೮ಕ್ಕೂ ಹೆಚ್ಚು.

ಈ ಪರೀಕ್ಷೆ ನಿರ್ದೋಷವಾದುದಲ್ಲ. ಮಲೇರಿಯದ ಪರೋಪಜೀವಿ ಕಂಡುಬಂದದ್ದೇ ೧೮೮೦ರಲ್ಲಿ. ಆದುದರಿಂದ ತಾನಾಗಿಯೇ ಬಿಡುವ ಜ್ವರಗಳನ್ನು ಅಲ್ಲಿ ರಕ್ತಪರೀಕ್ಷೆಯಿಂದ ಬೇರ್ಪಡಿಸುವಂತಿರಲಿಲ್ಲ. ಮೇಲಾಗಿ ಅಲ್ಲಿ ಹೋಲಿಸಿದ್ದು ನಾಲ್ಕು ಬೇರೆ ಬೇರೆ ದ್ರವ್ಯಗಳನ್ನು. ಜೆನೆರಿಕ್ಕಿನ ವಿಷಯದಲ್ಲಾದರೋ ದ್ರವ್ಯ ಒಂದೇ, ತಯಾರಿಕೆ ಮಾತ್ರ ಬೇರೆ. ಆದರೂ ಔಷಧದ ಯೋಗ್ಯತೆಯನ್ನು ಬೆಲೆಯಿಂದಲ್ಲ, ರೋಗಿಯಲ್ಲಿ ಕಂಡ ಫಲದಿಂದ ಅಳೆಯಬೇಕೆಂಬ ತತ್ತ್ವ ಅಲ್ಲಿ ಸ್ಪಷ್ಟವಾಗಿದೆ.

ಮುಂದೆ ದೃಷ್ಟಿ ರೋಗಿಯಿಂದ ಪ್ರಯೋಗಶಾಲೆಯ ಕಡೆಗೆ ತಿರುಗಿತು. ೧೯೩೦ರಲ್ಲಿ ನೇಮಕಗೊಂಡ ಚೋಪ್ರಾ ಸಮಿತಿ ಮರುವರ್ಷ ವರದಿಯನ್ನೊಪ್ಪಿಸಿತು. ೧೯೪೦ರಲ್ಲಿ ಔಷಧ ಶಾಸನವೂ ೧೯೫೫ರಲ್ಲಿ ಭಾರತೀಯ ಔಷಧ ಸಂಹಿತೆಯ ಮೊದಲ ಆವೃತ್ತಿಯೂ ಬಂದುವು. ೧೯೭೦ರ ಪೇಟೆಂಟ್ ಶಾಸನವು ಔಷಧಗಳ ತಯಾರಿಕಾ ವಿಧಾನಕ್ಕೆ ಮಾತ್ರ ಪೇಟೆಂಟನ್ನು ಉಳಿಸಿದ್ದರಿಂದ ಒಂದೇ ಔಷಧವನ್ನು ಅನೇಕ ಕಂಪನಿಗಳು ತಮ್ಮ ತಮ್ಮ ಹೆಸರಿನಲ್ಲಿ ಮಾರತೊಡಗಿದುವು. ಹೀಗಾಗಿ ನಮ್ಮಲ್ಲಿ ಬ್ರಾಂಡ್ ಎನಿಸಿಕೊಳ್ಳುವ ಬಹುಪಾಲು ಮಾತ್ರೆಗಳು ಮೂಲ ಸಂಶೋಧಕರವಲ್ಲ, ಅವೂ ಜೆನೆರಿಕ್ಕುಗಳೇ. ೧೯೭೫ರಲ್ಲಿ ಹಾಥಿ ಸಮಿತಿ ಬ್ರಾಂಡ್ ಹೆಸರುಗಳನ್ನು ಕ್ರಮೇಣ ಕೈಬಿಡಬೇಕೆಂದೂ ೧೩ ಔಷಧಗಳಿಂದ ಅದನ್ನು ಆರಂಭಿಸಬೇಕೆಂದೂ ಸಲಹೆ ಮಾಡಿತು.

ಸಂಹಿತೆ ಹೇಳಿದಷ್ಟು ದ್ರವ್ಯ ಮಾತ್ರೆಯಲ್ಲಿದ್ದರೆ ಸಾಲದೆ? ಸಾಲದೆಂಬುದನ್ನು ಆಸ್ಟ್ರೇಲಿಯದ ಒಂದು ಪ್ರಸಂಗ ತೋರಿಸಿಕೊಟ್ಟಿತು. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಕ್ಯಾಪ್ಸೂಲಿನಲ್ಲಿ ಔಷಧದೊಡನೆ ಬೆರೆಸುತ್ತಿದ್ದ ಕ್ಯಾಲ್ಸಿಯಂ ಸಲ್ಫೇಟಿಗೆ ಬದಲಾಗಿ ೧೯೬೮ರ ಸುಮಾರಿನಲ್ಲಿ ಲ್ಯಾಕ್ಟೋಸನ್ನು ಬೆರೆಸಿದರು. ಔಷಧದ ತೂಕ ಅಷ್ಟೇ ಇದ್ದರೂ ರಕ್ತದಲ್ಲಿ ಅದರ ಮಟ್ಟವೇರಿ ರೋಗಿಗಳಲ್ಲಿ ವಿಷಲಕ್ಷಣಗಳು ಕಂಡುವು. ನಮ್ಮ ಸೀಮೆಗೂ ಇದು ದೂರದ ಮಾತಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಕನಕಪುರದಲ್ಲಿಯೂ ವಿಸ್ತರಣಾ ಚಿಕಿತ್ಸಾಲಯ ನಡೆಸಿ, ಮೂರ್ಛೆರೋಗದ ಚಿಕಿತ್ಸೆಯನ್ನು ಹಳ್ಳಿಗರ ಬಳಿಗೆ ತಂದದ್ದುಂಟು. ಅಂಥ ರೋಗಿಗೆ ಮಟ್ಟ ಇಳಿದರೆ ಮೂರ್ಛೆ, ಏರಿದರೆ ವಿಷ.

ಇದರಿಂದ ಜೈವಿಕ ಸಮಾನತ್ವವೆಂಬ ಪರೀಕ್ಷೆ ಬಳಕೆಗೆ ಬಂದಿತು. ಸಾಮಾನ್ಯವಾಗಿ ಆರೋಗ್ಯವಂತ ಸ್ವಯಂಸೇವಕರಿಗೆ ಎರಡು ತಯಾರಿಕೆಗಳನ್ನೂ ಬೇರೆ ಬೇರೆ ಸರದಿಯಲ್ಲಿ ಕೊಟ್ಟು, ರಕ್ತಕ್ಕೆ ಸೇರಿದ ಒಟ್ಟು ಪ್ರಮಾಣವನ್ನೂ ಗರಿಷ್ಠ ಮಟ್ಟವನ್ನೂ ಹೋಲಿಸುತ್ತಾರೆ. ಸರಾಸರಿಗಳ ಅನುಪಾತವಷ್ಟೇ ಅಲ್ಲದೆ, ಅದರ ಶೇಕಡ ೯೦ರ ವಿಶ್ವಾಸವ್ಯಾಪ್ತಿಯೆಲ್ಲವೂ ೮೦ರಿಂದ ೧೨೫ರ ಒಳಗಿರಬೇಕು. ಜೆನೆರಿಕ್ಕಿನಲ್ಲಿ ಶೇಕಡ ೨೦ರಷ್ಟು ಔಷಧ ಕಡಿಮೆಯಿರಬಹುದೆಂದು ಇದಕ್ಕೆ ಅರ್ಥ ಮಾಡುವುದು ತಪ್ಪು. ೧೯೯೫ರಲ್ಲಿ ಔಷಧಗಳನ್ನು ಅವುಗಳ ಕರಗುವಿಕೆ, ಕರುಳನ್ನು ದಾಟುವ ಶಕ್ತಿ ಇವುಗಳ ಮೇಲೆ ನಾಲ್ಕು ವರ್ಗ ಮಾಡಲಾಯಿತು. ಅವುಗಳಲ್ಲಿ ಸುಲಭವಾಗಿ ಕರಗದ ಎರಡನೆಯ ಹಾಗೂ ನಾಲ್ಕನೆಯ ವರ್ಗಗಳ ಬಾಯಿಮೂಲಕ ಸೇವಿಸುವ ಔಷಧಗಳಿಗೆ ಲೈಸೆನ್ಸು ಕೋರುವವರು ಈ ಪರೀಕ್ಷೆಯ ಫಲಿತಾಂಶ ಒಪ್ಪಿಸಬೇಕೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು ೨೦೧೭ರ ಏಪ್ರಿಲಿನಲ್ಲಿ. ಅದಕ್ಕೆ ಮುಂಚೆ, ಬಳಕೆಗೆ ಬಂದು ನಾಲ್ಕು ವರ್ಷ ದಾಟಿದ ಔಷಧಕ್ಕೆ ಇಂಥ ಸಾಕ್ಷ್ಯವಿಲ್ಲದೆಯೇ ರಾಜ್ಯಾಧಿಕಾರಿಗಳು ಲೈಸೆನ್ಸು ಕೊಡಬಹುದಾಗಿತ್ತು.

ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಸಾಕ್ಷ್ಯದ ಈ ಕೊರತೆ ಜೆನೆರಿಕ್ ಹೆಸರಿನ ಮಾತ್ರೆಗೆಷ್ಟೋ ಬ್ರಾಂಡ್ ಹೆಸರಿನ ಹಳೆಯ ಮಾತ್ರೆಗೂ ಅಷ್ಟೇ ಅಂಟಿದ್ದು. ೨೦೦೮ರಲ್ಲಿ ಆರಂಭವಾದ ಜನೌಷಧಿ ಯೋಜನೆಯಲ್ಲಿ ಔಷಧದ ಬ್ಯಾಚುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವರು. ಅದು ಗುಣಮಟ್ಟದ ಸಾಕ್ಷ್ಯ, ಸಮಾನತ್ವದ ಸಾಕ್ಷ್ಯವಲ್ಲ. ಹೆಚ್ಚು ಬೆಲೆಯಾದರೋ ಎರಡಕ್ಕೂ ಸಾಕ್ಷ್ಯವಲ್ಲ.

ಆದುದರಿಂದ ನಮ್ಮ ನಿರ್ಣಯವಿಷ್ಟು: ಸುಲಭವಾಗಿ ಕರಗುವ, ಪ್ರಮಾಣದ ಸಣ್ಣ ವ್ಯತ್ಯಾಸದಿಂದ ಬಾಧೆಯಾಗದ ಔಷಧಗಳಲ್ಲಿ, ಗುಣಮಟ್ಟ ಸರಿಯಾಗಿದ್ದರೆ, ಹೆಸರಿಗಾಗಿ ಹೆಚ್ಚು ಹಣ ತೆರಲು ಕಾರಣ ಕಾಣದು. ಫೆನಿಟಾಯಿನಿನಂಥವುಗಳಲ್ಲಿ ಮಾತ್ರ ಒಂದು ತಯಾರಿಕೆಯಿಂದ ಇನ್ನೊಂದಕ್ಕೆ, ಅದು ಬ್ರಾಂಡಿನಿಂದ ಬ್ರಾಂಡಿಗೇ ಆಗಲಿ, ವೈದ್ಯರಿಗೆ ತಿಳಿಸದೆ ಬದಲಿಸಲಾಗದು. ಯಾವ ಮಾತ್ರೆ ಸಮಾನತ್ವದ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆಯೆಂಬುದು ಮಾಗಡಿಯ ಅಂಗಡಿಯಲ್ಲಿ ನಿಂತ ರೋಗಿಗೂ ತಿಳಿಯುವಂತಾದಾಗ, ೧೮೬೬ರಲ್ಲಿ ಎತ್ತಿದ ಪ್ರಶ್ನೆಗೆ ತಕ್ಕ ಉತ್ತರ ದೊರೆತಂತಾಗುವುದು.