ಕರಿ ಸೈಕಲ್ಲಿನ ಕತೆ

ಪುಣೆಗೆ ಬಂದ ಹೊಸದರಲ್ಲಿ ಕೆಲಸಕ್ಕೆ ಹೋಗಿಬರಲು ಒಂದು ಸೈಕಲ್ ಬೇಕಾಗಿತ್ತು. ಆಗ ಈ ಊರಿಗೆ 'ಸೈಕಲ್ಲುಗಳ ಊರು' ಅಂತಲೇ ಹೆಸರು. ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ನನ್ನ ಕಣ್ಣು ಬಿದ್ದದ್ದು ಬಣ್ಣದ ಸೈಕಲ್ಲಿನ ಮೇಲೆ. ಅಂಗಡಿಯವರು ಮಾತ್ರ ಮೂಲೆಯಲ್ಲಿದ್ದ ಕರಿ ಸೈಕಲ್ ತೋರಿಸಿ, "ಇದನ್ನೇ ತಗೊಳ್ಳಿ, ಎಲ್ಲಿ ಕೆಟ್ಟರೂ ರಿಪೇರಿ ಆಗುತ್ತೆ" ಅಂದರು. ಆ ಮಾತಿನ ಹಿಂದೆ ಒಂದು ಇತಿಹಾಸವೇ ಇದೆ.

ಸ್ವಾತಂತ್ರ್ಯಕ್ಕೆ ಮುಂಚೆ ನಮ್ಮಲ್ಲಿ ಓಡುತ್ತಿದ್ದ ಸೈಕಲ್ಲುಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದವು. ಗುಮಾಸ್ತನ ಸಂಬಳಕ್ಕೆ ಅದು ದುಬಾರಿ. 1949ರಲ್ಲಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್ ಶುರುವಾಯಿತು, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್. ಈಗಿನ ಪಾಕಿಸ್ತಾನದ ಕಮಾಲಿಯಾದ ಮುಂಜಾಲ್ ಸಹೋದರರು ಲುಧಿಯಾನದಲ್ಲಿ ನೆಲೆನಿಂತು, ಮೊದಲು ಬಿಡಿಭಾಗ ಮಾರಿ, 1956ರಲ್ಲಿ ಹೀರೋ ಸೈಕಲ್ಸ್ ಕಟ್ಟಿದರು. ಅವರೂ ನಮ್ಮ ಹಾಗೆ ಊರು ಬಿಟ್ಟವರೇ!

ಮಾದರಿ ಮಾತ್ರ ಅದೇ ಇಂಗ್ಲಿಷ್ ರೋಡ್‌ಸ್ಟರ್: 28 ಇಂಚಿನ ಗಾಲಿ, ಸರಳಿನ ಬ್ರೇಕು, ಗೇರಿನ ಗೊಡವೆಯಿಲ್ಲ. ಕಂಪನಿ ಯಾವುದಾದರೂ ಎಷ್ಟೋ ಭಾಗಗಳು ಒಂದರದ್ದು ಇನ್ನೊಂದಕ್ಕೆ ಕೂರುತ್ತಿದ್ದವು. ಹಾಗಾಗಿ ಮರದಡಿ ಪಂಪು, ಒಂದು ಬೋಗುಣಿ ನೀರು ಇಟ್ಟುಕೊಂಡು ಕೂತವನ ಹತ್ತಿರವೂ ಕೆಲಸ ಆಗುತ್ತಿತ್ತು. ಅಗ್ಗ ಅಂದರೆ ಕೊಳ್ಳುವ ಬೆಲೆಯಷ್ಟೇ ಅಲ್ಲ, ಆಮೇಲಿನ ಖರ್ಚೂ ಸೇರಿ.

ಮುಂದೆ ಸ್ಕೂಟರುಗಳು ಬಂದವು, ಪುಣೆಯ ರಸ್ತೆಗಳು ತುಂಬಿಹೋದವು. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್‌ನ ಸಾಹಿಬಾಬಾದ್ ಕಾರ್ಖಾನೆ ಬಾಗಿಲು ಹಾಕಿತು. ಸುದ್ದಿ ಓದಿ ಯಾಕೋ ಸಂಕಟವಾಯಿತು.

ಈಗ ಮಗಳಿಗೆ ಆಫೀಸಿಗೆ ಹೋಗಲು ಸೈಕಲ್ ಬೇಕಂತೆ. ಗೇರು ಎಷ್ಟು ಅಂತ ಆಮೇಲೆ ಕೇಳು, ಬಿಡಿಭಾಗ ನಮ್ಮ ಬೀದಿಯಲ್ಲೇ ಸಿಗುತ್ತಾ ಅಂತ ಮೊದಲು ಕೇಳು ಅಂದಿದ್ದೇನೆ.