ಶೆಟ್ಟಿ ಬಿಟ್ಟಲ್ಲೇ ಪಟ್ಟಣ

ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗ ಫೋನಿನಲ್ಲಿ ಯಾರದೋ ಸುದ್ದಿ ಹೇಳುತ್ತಿದ್ದ: “ಅವನಿಗೇನು, ಮನೆಯಿಲ್ಲ ಮಠವಿಲ್ಲ. ಶೆಟ್ಟಿ ಬಿಟ್ಟಲ್ಲೇ ಪಟ್ಟಣ.” ನೆಲೆಯಿಲ್ಲದ ಅಲೆಮಾರಿ ಎಂಬ ಅರ್ಥದಲ್ಲಿ ಈಗೀಗ ಈ ಗಾದೆಯನ್ನು ಎಲ್ಲರೂ ಹೀಗೇ ಆಡುತ್ತಾರೆ. ಊರು ಕಟ್ಟಿದವನನ್ನು ಊರಿಲ್ಲದವನನ್ನಾಗಿ ಮಾಡಿಬಿಟ್ಟೆವಲ್ಲ ಎಂದು ನನಗೆ ಸಂಕಟ.

‘ಶೆಟ್ಟಿ’ ಎಲ್ಲಿಂದ ಬಂತೆಂಬುದನ್ನು ನಿಘಂಟು ಹೇಳುತ್ತದೆ, ಅದು ಹಾಗಿರಲಿ. ನನ್ನ ತಕರಾರು ‘ಬಿಟ್ಟಲ್ಲೇ’ ಬಗ್ಗೆ. ಏನನ್ನು ಬಿಟ್ಟ? ಬೀಡು ಬಿಟ್ಟ ಎಂಬುದು ನನ್ನ ವಾದ. ಹೇರೆತ್ತುಗಳ ಬೆನ್ನಿಂದ ಉಪ್ಪು, ಮೆಣಸು, ಅಡಿಕೆ, ಬಟ್ಟೆಯ ಗಂಟುಗಳನ್ನು ಇಳಿಸಿದ. ಕೊಳ್ಳುವವರು ಬಂದರು, ಅವರ ಹಿಂದೆ ಗಾಣಿಗ, ಕುಂಬಾರ, ಹೂವಾಡಿಗ ಬಂದರು. ವಾರ ವಾರ ಸಂತೆ ನೆರೆಯಿತು. ಸಂತೆಬೆನ್ನೂರು, ಸಂತೇಮರಹಳ್ಳಿ, ಸಂತೆಶಿವರ ಎಂದು ಹೆಸರಿನಲ್ಲೇ ಸಂತೆ ಹೊತ್ತ ಊರುಗಳು ನಮ್ಮಲ್ಲಿ ಎಷ್ಟಿಲ್ಲ!

ದೊರೆ ಆಮೇಲೆ ಬರುತ್ತಾನೆ. ಸಂತೆ ಕಟ್ಟಿಸಿದವನಿಗೆ ‘ಪಟ್ಟಣಸ್ವಾಮಿ’ ಪದವಿ, ಜೊತೆಗೆ ಮಾನ್ಯದ ಭೂಮಿ ಕೊಟ್ಟದ್ದನ್ನು ವಿಜಯನಗರ ಕಾಲದ ಶಾಸನಗಳು ಹೇಳುತ್ತವೆ. ಪದವಿಯಂತೂ ಅದಕ್ಕಿಂತ ಹಳೆಯದು. 1062ರಷ್ಟು ಹಿಂದೆಯೇ, ಹುಂಚದಲ್ಲಿ ವೀರಸಾಂತರನ ಆಳ್ವಿಕೆಯಲ್ಲಿ, ಪಟ್ಟಣಸ್ವಾಮಿ ನೊಕ್ಕಯ್ಯಶೆಟ್ಟಿ ಬಸದಿ ಕಟ್ಟಿಸಿದ. ಅದಕ್ಕೆ ಬಂದ ಹೆಸರು ಪಟ್ಟಣಸ್ವಾಮಿ ಜಿನಾಲಯ. ವ್ಯಾಪಾರಿಯನ್ನು ‘ಸ್ವಾಮಿ’ ಎಂದು ಕರೆದ ನಾಡು ಇದು. ಧಾರವಾಡದ ಕವಿ ಸಿದ್ಧಲಿಂಗ ಪಟ್ಟಣಶೆಟ್ಟಿಯವರ ಹೆಸರು ಕೇಳಿದಾಗಲೆಲ್ಲ ಅಂಥದೇ ಹಳೆಯ ಅಧಿಕಾರವೊಂದು ಅಡ್ಡಹೆಸರಾಗಿ ಉಳಿದುಬಂದಂತೆ ನನಗೆ ತೋರುತ್ತದೆ.

ಐಹೊಳೆಯ ಐನೂರ್ವರೆಂಬ ವರ್ತಕ ಸಂಘದವರಂತೂ ತಮ್ಮದೇ ಧ್ವಜ ಹಿಡಿದು, ಅರಸರಷ್ಟೇ ಉದ್ದದ ಪ್ರಶಸ್ತಿ ಬರೆಸಿಕೊಂಡರು. ದೇವಸ್ಥಾನಕ್ಕೆಂದು ಹೇರಿಗಿಷ್ಟು ಎಂದು ತೆರಿಗೆಯನ್ನು ತಾವೇ ಗೊತ್ತುಮಾಡಿದರು. ಅವರ ಹೆಸರಿನ ಕಲ್ಲೊಂದು ಸುಮಾತ್ರಾದ ಬಾರೂಸಿನಲ್ಲೂ ಸಿಕ್ಕಿದೆ, 1088ರದು, ತಮಿಳಿನಲ್ಲಿ.

ಪೇಟೆ ಕಟ್ಟಿದವರು ಅದರೊಳಗಿನ ಮೇಲು ಕೀಳುಗಳಿಗೂ ಕಾವಲುಗಾರರಾದರು. ಮೈಸೂರು ಸೀಮೆಯಲ್ಲಿ ಜಾತಿಗಳು ಬಲಗೈ, ಎಡಗೈ ಎಂದು ಎರಡು ಬಣಗಳಾಗಿದ್ದವು; ಬಲಗೈ ಪಣಗಳಿಗೆ, ಅಂದರೆ ಆ ಬಣದ ಜಾತಿಗಳಿಗೆ, ಬಣಜಿಗರು ಮುಂದಾಳು, ಎಡಗೈ ಪಣಗಳಿಗೆ ಪಾಂಚಾಳರು, ನಗರ್ತರು. ಮದುವೆ ಮೆರವಣಿಗೆಯಲ್ಲಿ ಯಾರು ಕುದುರೆ ಹತ್ತಬಹುದು, ಯಾವ ಬಾವುಟ ಹಿಡಿಯಬಹುದು ಎಂದು ಬೀದಿಗಳಲ್ಲಿ ಹೊಡೆದಾಟವೇ ಆಗುತ್ತಿತ್ತು. ಹಣದ ಗಂಟು ಬಿಚ್ಚಿದಲ್ಲಿ ಜಾತಿಯ ಗಂಟು ಸಡಿಲವಾಗುತ್ತದೆಂದು ನಂಬಿದವರು ಇದನ್ನು ಓದಬೇಕು.

ಇಷ್ಟಾದ ಮೇಲೆ ಮತ್ತೆ ‘ಅಲ್ಲೇ’ ಎಂಬುದರ ಆ ಏಕಾರಕ್ಕೆ ಬರುತ್ತೇನೆ, ಗಾದೆಯ ಜೀವ ಇರುವುದು ಅದರಲ್ಲಿ. ಶೆಟ್ಟಿಯೇ ಈ ಗಾದೆ ಕಟ್ಟಿದ್ದರೆ ‘ಬಿಟ್ಟಲ್ಲಿ ಪಟ್ಟಣ’ ಎಂದು ಗತ್ತಿನಿಂದ ನಿಲ್ಲಿಸುತ್ತಿದ್ದ. ‘ಅಲ್ಲೇ’ ಎಂದವನು ಎತ್ತಿನ ಹಿಂದೆ ದಿನವಿಡೀ ನಡೆದ ಆಳು ಎಂದು ನನ್ನ ನಂಬಿಕೆ. ನೀರಿರಲಿ ಬಿಡಲಿ, ಹೆಂಡತಿ ಮಕ್ಕಳು ಎಲ್ಲೇ ಇರಲಿ, ಧಣಿ ಹೇರಿಳಿಸು ಎಂದಲ್ಲೇ ಅವನ ಊರು. ಕೆರೆಗೆ ಮಣ್ಣು ಹೊತ್ತವನೂ ಅವನೇ, ಬಸದಿಯ ಕಲ್ಲು ಎಳೆದವನೂ ಅವನೇ. ಶಾಸನದಲ್ಲಿ ಅವನ ಹೆಸರಿಲ್ಲ, ಗಾದೆಯಲ್ಲಿ ಅವನ ದನಿಯಿದೆ.