ಬಾರಾಪೇಡೆಯ ಗವಿ: ಶಾಸನವಿಲ್ಲದ ಒಂದು ಇತಿಹಾಸ

ಕನ್ನಡ ನಾಡಿನ ಗವಿಗಳ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಉಳಿಯ ಗುರುತನ್ನೇ ಹಿಂಬಾಲಿಸಿದ್ದಾರೆ. ಬಾದಾಮಿಯ ಜೈನ ಗುಹೆ, ಐಹೊಳೆಯ ಮೀನಬಸದಿ ಮುಂತಾದವು ಶಿಲ್ಪದಿಂದ ಪ್ರಸಿದ್ಧವಾದವು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ ಭದ್ರಬಾಹು ಗವಿ ಸಹಜವಾದ ಬಂಡೆಯಾಸರೆಯೇ ಆದರೂ ಸಲ್ಲೇಖನದ ಪರಂಪರೆ ಅದಕ್ಕೆ ಹೆಸರನ್ನು ತಂದಿತು. ಮುನಿಯಾಗಲಿ ಅರಸನಾಗಲಿ ಖ್ಯಾತಿ ತಂದುಕೊಡದ ಗವಿಗೆ ಇತಿಹಾಸವಿರಬಲ್ಲುದೇ ಎಂಬ ಪ್ರಶ್ನೆಗೆ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಬಾರಾಪೇಡೆ ಗುಹೆ ಒಂದು ಉತ್ತರ.

ಸಹ್ಯಾದ್ರಿಯ ದಟ್ಟ ಕಾಡಿನಲ್ಲಿ, ತಳೇವಾಡಿ ಎಂಬ ಪುಟ್ಟ ಹಳ್ಳಿಯ ಸಮೀಪ ಈ ಗುಹೆ ಇದೆ. ಮಹದಾಯಿಯ ಉಗಮದ ನೆಲವೂ ಶಿವಾಜಿಯ ಕಾಲದ ನೆನಪನ್ನು ಹೊತ್ತ ಭೀಮಗಡದ ಕೋಟೆಯೂ ಇದೇ ಅರಣ್ಯದಲ್ಲಿವೆ. ಈ ಭಾಗದ ಸುಣ್ಣಕಲ್ಲಿನ ಗವಿಗಳನ್ನು ಮನುಷ್ಯ ಕೊರೆದುದಲ್ಲ. ಮಳೆಯ ನೀರು ಮಣ್ಣಿನಲ್ಲಿಳಿಯುತ್ತ ಇಂಗಾಲಾಮ್ಲವನ್ನು ಹೀರಿಕೊಂಡು ದುರ್ಬಲ ಆಮ್ಲವಾಗುತ್ತದೆ. ಆ ನೀರು ಸಾವಿರಾರು ವರ್ಷಗಳ ಕಾಲ ಬಿರುಕುಗಳಲ್ಲಿ ಹರಿದು ಕಲ್ಲನ್ನು ಕರಗಿಸುತ್ತದೆ.

1911ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಸಸ್ತನಿಗಳ ಸಮೀಕ್ಷೆಯನ್ನು ಕೈಗೊಂಡಿತು. ಬಾರಾಪೇಡೆಯಲ್ಲಿ ದೊರೆತ ಉದ್ದ ಕಿವಿಯ ಬಾವಲಿಯೊಂದನ್ನು ಬ್ರಿಟಿಷ್ ಮ್ಯೂಸಿಯಂನ ಓಲ್ಡ್‌ಫೀಲ್ಡ್ ಥಾಮಸ್ 1913ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿದರು. ಮುಂಬಯಿ ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ರಾಟನ್ ಅವರ ಹೆಸರು ಅದಕ್ಕೆ ಬಂದಿತು. ಮುಂದೆ ಮೇಘಾಲಯ, ಕಾಂಬೋಡಿಯಾಗಳಲ್ಲಿ ಕಾಣಿಸಿಕೊಳ್ಳುವವರೆಗೆ, ಹಲವು ದಶಕಗಳ ಕಾಲ ಈ ಜೀವಿಗೆ ಲೋಕದಲ್ಲಿ ತಿಳಿದಿದ್ದ ನೆಲೆ ಇದೊಂದೇ ಆಗಿತ್ತು.

ಇಲ್ಲಿ ಗಮನಿಸಬೇಕಾದುದು ದಾಖಲೆಯ ಸ್ವರೂಪ. ಪ್ರಾಣಿಶಾಸ್ತ್ರದಲ್ಲಿ ಹೊಸ ಪ್ರಭೇದವನ್ನು ಹೆಸರಿಸುವಾಗ ಮಾದರಿ ದೊರೆತ ಸ್ಥಳವನ್ನೂ ಹೇಳುವುದು ವಾಡಿಕೆ. ಹಾಗಾಗಿ ಬಾರಾಪೇಡೆ, ತಳೇವಾಡಿ ಎಂಬ ಎರಡು ಹೆಸರುಗಳು ಜಗತ್ತಿನ ವಿಜ್ಞಾನ ಸಾಹಿತ್ಯಕ್ಕೆ ಸೇರಿದವು. ಆ ಹೆಸರುಗಳನ್ನು ಇಟ್ಟವರು ವಿಜ್ಞಾನಿಗಳಲ್ಲ, ಕಾಡಿನ ಜನ.

ಇದೇ ತಾಲ್ಲೂಕಿನ ಹಲಸಿ, ಅಂದಿನ ಪಲಾಶಿಕೆ, ಕದಂಬರ ತಾಮ್ರಶಾಸನಗಳಿಗೆ ಹೆಸರಾದುದು. ಕಾಕುಸ್ಥವರ್ಮನು ಸೇನಾಪತಿ ಶ್ರುತಕೀರ್ತಿಗೆ ನೀಡಿದ ದತ್ತಿ, ಮೃಗೇಶವರ್ಮನು ಪಲಾಶಿಕೆಯಲ್ಲಿ ಕಟ್ಟಿಸಿದ ಜಿನಾಲಯ, ರವಿವರ್ಮನ ಕಾಲದ ಎಂಟು ದಿನಗಳ ಜಿನಪೂಜೆ ಇವೆಲ್ಲ ತಿಳಿದುಬಂದುದು ಆ ಫಲಕಗಳಿಂದ. ದಾನದ ಶಾಸನ ದಾನಿಯ ಜೊತೆಗೆ ಊರು, ಹೊಲಗಳ ಹೆಸರನ್ನೂ ಕಾಯುತ್ತದೆ. ಆ ಮಟ್ಟಿಗೆ 1913ರ ವರ್ಣನೆಯೂ ಒಂದು ಬಗೆಯ ಶಾಸನವೇ.

ಎರಡಕ್ಕೂ ಇನ್ನೊಂದು ಸಾಮ್ಯವಿದೆ. ಬೆಳಗಾವಿಯ ಕೋಟೆಯಲ್ಲಿ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ ಬಸದಿಗೆ ಸಂಬಂಧಿಸಿದ 1204ರ ಶಾಸನಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅದೇ ಸಂಸ್ಥೆಯ ವಿದ್ವಾಂಸನ ಲೇಖನಿಯಿಂದಲೇ ಬಾರಾಪೇಡೆಯ ಬಾವಲಿಗೂ ಹೆಸರು ಬಂದಿತು. ಬಸದಿ ಇನ್ನೂ ನಿಂತಿರುವುದರಿಂದ ಶಾಸನಗಳನ್ನು ಅದರೊಡನೆ ಕೂಡಿಸಿ ಓದಬಹುದು. ಗವಿಯ ದಾಖಲೆಯನ್ನು ಹಾಗೆ ಓದಬೇಕಾದರೆ ಗವಿ, ಬಾವಲಿ, ಆ ಹೆಸರಿಟ್ಟ ಜನ ಈ ಮೂರೂ ಬೇಕು.

ಗವಿಗೂ ಬಾವಲಿಗೂ ಕಾನೂನಿನ ಆಸರೆ ದೊರೆತಿದೆ. ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಈ ಪ್ರಭೇದವಿದೆ; 2011ರಲ್ಲಿ ಭೀಮಗಡ ವನ್ಯಜೀವಿಧಾಮ ಘೋಷಿತವಾಯಿತು. ಗುಂಪಾಗಿ ತಂಗುವ ಬಾವಲಿಗಳಿಗೆ ಪಂಜಿನ ಬೆಳಕು, ಗದ್ದಲ, ಹೊಗೆ ಇವು ಮಾರಕ. ಮರಿಗಳಿರುವ ಕಾಲದಲ್ಲಂತೂ ಒಮ್ಮೆ ಬೆದರಿದರೂ ನಷ್ಟ ದೊಡ್ಡದು. ಆದುದರಿಂದ ಗವಿಯ ಶೋಧವೆಂದರೆ ಒಳಹೊಕ್ಕು ನೋಡುವುದೇ ಆಗಬೇಕಿಲ್ಲ.

ಮೂರನೆಯದಕ್ಕೆ ಅಂಥ ಆಸರೆಯಿಲ್ಲ. ರಸ್ತೆ, ಆಸ್ಪತ್ರೆ, ಶಾಲೆಗಳಿಂದ ದೂರವುಳಿದ ತಳೇವಾಡಿಯ ಕುಟುಂಬಗಳ ಸ್ಥಳಾಂತರ 2025ರಲ್ಲಿ ಪರಿಹಾರ ವಿತರಣೆಯೊಂದಿಗೆ ಆರಂಭವಾಯಿತು. ಕುಟುಂಬಗಳಿಗೆ ಉತ್ತಮ ಬದುಕು ದೊರೆಯುವುದು ನ್ಯಾಯವೇ. ಆದರೆ ಊರು ಚದುರಿದ ಮೇಲೆ ಕಾಡಿನ ಗವಿ, ಬಂಡೆ, ಝರಿ, ಕಾಲುದಾರಿಗಳ ಹೆಸರುಗಳನ್ನು ಹೇಳುವವರು ಸಿಗುವುದು ದುರ್ಲಭ. ಕನ್ನಡ, ಮರಾಠಿ, ಕೊಂಕಣಿಗಳು ಬೆರೆಯುವ ಈ ನೆಲದ ಸ್ಥಳನಾಮಗಳು ಭಾಷಾಸಂಪರ್ಕದ ಅಧ್ಯಯನಕ್ಕೂ ಅಮೂಲ್ಯ ಸಾಮಗ್ರಿ. ಕದಂಬರ ಫಲಕಗಳು ಮಣ್ಣಿನೊಳಗೆ ಶತಮಾನಗಳ ಕಾಲ ಕಾದವು. ಬಾಯಿಮಾತಿನ ಹೆಸರಿಗೆ ಆ ಬಾಳಿಕೆಯಿಲ್ಲ. ಸ್ಥಳನಾಮ ಸಂಶೋಧಕರು ಗವಿಯ ಬಾಗಿಲಿಗಿಂತ ಮೊದಲು ಆ ಊರಿನ ಹಿರಿಯರ ಹೊಸ ಮನೆಗಳ ಬಾಗಿಲಿಗೆ ಹೋಗಬೇಕಾದ ಕಾಲವಿದು.